ಕೋಳಿಬಂಡೆಯ ಮೇಲಿನ ಚರ್ಚು

ಸುದ್ದಿ ಸೆಲ್ಬಿಯ ಬಾಯಿಂದ ಬಂತಲ್ಲ, ಡಾರ್ಕಸಳಿಗೆ ಅದೇ ಮೊದಲ ಅನುಮಾನ.

ಬೆಳಿಗ್ಗೆ ಏಳಕ್ಕೆ ದೋಣಿಯ ರೇಡಿಯೊದಲ್ಲಿ ಅವನ ದನಿ ಕೇಳಿತ್ತು. "ಡಾರ್ಕಸಕ್ಕಾ, ನಿಮ್ಮ ಲಾಟೀನು ಹಗ್ಗಕ್ಕೆ ಸಿಕ್ಕೊಂಡಿದೆ. ಬಾಲದ ಬುಡಕ್ಕೇ ಬಿಗಿದಿದೆ. ಬಿಡಿಸೋರನ್ನ ಕರೆಸಿಬಿಡಿ. ಜಾಗ ಹೇಳ್ತೀನಿ, ಕೇಳಿ. ಚರ್ಚು ಕೋಳಿಬಂಡೆ ಮೇಲೆ ಕೂತಿರಬೇಕು, ದೀಪಸ್ತಂಭ ಮೂಗಿನ ತುದಿಯಿಂದ ಇಣುಕ್ತಿರಬೇಕು. ನಾನು ಜನರನ್ನ ಹಕ್ಕಿದ್ವೀಪಕ್ಕೆ ಕರ್ಕೊಂಡು ಹೊರಟೆ." ಅಷ್ಟು ಹೇಳಿದವನೇ ಮೂಗು ಎಂದು ಕರೆಯುವ ಭೂಶಿರದ ಹಿಂದೆ ಮರೆಯಾದ. ಅದರಾಚೆ ಹೋದ ದೋಣಿಗೆ ಮರಳಿ ಬರುವವರೆಗೆ ರೇಡಿಯೊ ಮುಟ್ಟುವುದಿಲ್ಲ.

ನ್ಯೂಫೌಂಡ್‌ಲ್ಯಾಂಡಿನ ಆ ಕೊಲ್ಲಿಯಲ್ಲಿ ತಿಮಿಂಗಿಲ ತೋರಿಸುವ ದೋಣಿಗಳು ನಾಲ್ಕು. ಒಂದು ಸೆಲ್ಬಿಯದು. ಇನ್ನೊಂದು ಡಾರ್ಕಸಳ ತಂಗಿಯ ಗಂಡ ಹೆಡ್ಲಿಯದು. ಹೆಡ್ಲಿಯ ದೋಣಿಯಲ್ಲಿ ಬಂದವರಿಗೆ ತಿಮಿಂಗಿಲ ತೋರಿಸುವುದು, ಕಂಡದ್ದನ್ನು ಪುಸ್ತಕದಲ್ಲಿ ಬರೆಯುವುದು ಡಾರ್ಕಸಳ ಕೆಲಸ. ಬಾಲದ ಅಡಿಯಲ್ಲಿ ಲಾಟೀನಿನ ಆಕಾರದ ಬಿಳಿ ಮಚ್ಚೆಯಿದ್ದ ಆ ಹೆಣ್ಣು ತಿಮಿಂಗಿಲವನ್ನು ಅವಳು ಹನ್ನೊಂದು ಬೇಸಿಗೆಗಳಿಂದ ಬಲ್ಲಳು. ಪುಸ್ತಕದಲ್ಲಿ ಮೊದಲ ಸಲ ಆ ಹೆಸರು ಬರೆದವಳೂ ಅವಳೇ.

ನಗರದಿಂದ ಮೂರು ಗಂಟೆ ವ್ಯಾನು ಓಡಿಸಿಕೊಂಡು ಬಿಡಿಸುವವರು ಬಂದರು. ಮುಖ್ಯಸ್ಥೆ ಮೇವಿಸ್, ಜೊತೆಗೆ ಮಾತು ಕಡಿಮೆಯ ಒಬ್ಬ ಗಂಡಸು. ಉದ್ದ ಕೋಲಿಗೆ ಕಟ್ಟಿದ ಬಾಗುಚೂರಿಗಳನ್ನೂ ರಬ್ಬರು ದೋಣಿಯನ್ನೂ ಇಳಿಸುತ್ತ ಮೇವಿಸ್ ಕೇಳಿದಳು: "ಅಂಕಿ ಎಲ್ಲಿ? ಅಕ್ಷಾಂಶ, ರೇಖಾಂಶ?"

"ಅಂಕಿ ಯಾರೂ ಕೊಡಲ್ಲ," ಎಂದಳು ಡಾರ್ಕಸ್. "ರೇಡಿಯೊದಲ್ಲಿ ಅಂಕಿ ಹೇಳಿದ್ರೆ ಹೊರಗಿನ ದೋಣಿಗಳೆಲ್ಲ ಅಲ್ಲೇ ಮುತ್ತಿಕೊಳ್ತವೆ. ನಾವು ಗುರುತು ಹೇಳ್ತೀವಿ. ಇದರ ಮೇಲೆ ಅದು ಬಂದಾಗ, ಅದರ ಪಕ್ಕ ಇದು ಕಂಡಾಗ."

"ಹೇಳಿದವನು ನಂಬಿಕಸ್ಥನಾ?"

ಹೆಡ್ಲಿ ಬಾಯಿ ತೆರೆಯುವಷ್ಟರಲ್ಲಿ ಡಾರ್ಕಸ್ ಉತ್ತರಿಸಿದಳು. "ಹೋಗಿ ನೋಡೋಣ."

ಹಿಂದಿನ ಜೂನಿನಲ್ಲಿ ಇದೇ ಸೆಲ್ಬಿ ರೇಡಿಯೊದಲ್ಲಿ, ಈ ಕಡೆ ಏನೂ ಇಲ್ಲ, ಉತ್ತರಕ್ಕೆ ಹೋಗಿ ಎಂದಿದ್ದ. ಇವರು ಉತ್ತರಕ್ಕೆ ಹೋಗಿ ಆಕಾಶ ನೋಡಿಕೊಂಡು ಬಂದರು. ಸಂಜೆ ಅವನ ದೋಣಿಯವರ ಫೋನುಗಳಲ್ಲಿ ಮೂರು ತಿಮಿಂಗಿಲಗಳಿದ್ದವು. ದೋಣಿ ನಿಲ್ಲುವ ಕಟ್ಟೆಯ ಮೇಲೆ ಅವನೊಂದು ಕರಿಹಲಗೆ ಇಟ್ಟಿದ್ದಾನೆ, 'ಇಂದು ಕಂಡದ್ದು' ಎಂದು. ಒಂದೇ ತಿಮಿಂಗಿಲ ನಾಲ್ಕು ಸಲ ಬಾಲ ಎತ್ತಿದರೆ ಹಲಗೆಯಲ್ಲಿ ನಾಲ್ಕು. ಅಂಥವನಿಗೆ ಇವತ್ತು ಲಾಟೀನಿನ ಮೇಲೆ ಎಲ್ಲಿಂದ ಬಂತು ಇಷ್ಟು ಕರುಣೆ? ಹೆಡ್ಲಿಯ ಒಂದು ದಿನದ ಪ್ರವಾಸ ನಿಂತಿತು, ಟಿಕೆಟು ಕೊಂಡವರೆಲ್ಲ ಇನ್ನು ಯಾರ ದೋಣಿ ಹತ್ತುತ್ತಾರೆ?

ಹನ್ನೊಂದೂವರೆಗೆ ಅವರು ಜಾಗ ತಲುಪಿದರು. ಗುಡ್ಡದ ಮೇಲಿನ ಬಿಳಿ ಚರ್ಚಿನ ಮೊನೆ ಕೋಳಿಬಂಡೆಯ ನೆತ್ತಿಗೆ ನೇರವಾಗಿ ಕೂತಿತು. ದೀಪಸ್ತಂಭ ಮೂಗಿನ ತುದಿಯಿಂದ ಬೆರಳಗಲ ಇಣುಕಿತು. ಹೆಡ್ಲಿ ಎಂಜಿನ್ನು ನಿಲ್ಲಿಸಿದ.

ಏನೂ ಇರಲಿಲ್ಲ. ಅಲೆಗಳು ದಪ್ಪಗೆ ಏಳುತ್ತಿದ್ದವು. ದೂರದಲ್ಲಿ ಒಂದು ಮಂಜುಗಡ್ಡೆಯ ತುಂಡು ಮಗುಚಿಕೊಂಡಿತು. ಡಾರ್ಕಸ್ ದೋಣಿಯ ಮೂತಿಯ ಹತ್ತಿರ ನಿಂತು ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನೆಚ್ಚಿ ಕಾದಳು. ತಿಮಿಂಗಿಲ ಕಾಣುವ ಮೊದಲು ಅದರ ಉಸಿರು ಕೇಳಿಸುತ್ತದೆ, ತುಂಬಿದ ಚೀಲ ದೊಪ್ಪನೆ ಕೆಳಗಿಟ್ಟ ಹಾಗೆ. ಐದು ನಿಮಿಷ, ಕಾಲು ಗಂಟೆ. ನೀರು ದೋಣಿಯ ಹೊಟ್ಟೆಗೆ ಬಡಿಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ಹಗ್ಗ ಎಳ್ಕೊಂಡು ಎಲ್ಲಾದ್ರೂ ಹೋಗಿರಬಹುದಾ?" ಎಂದಳು ಮೇವಿಸ್.

"ಬಾಲಕ್ಕೆ ಅಷ್ಟು ಬಿಗಿದಿದ್ರೆ ಎಲ್ಲಿಗೆ ಹೋಗ್ತಾಳೆ? ಅವಳು ಇಲ್ಲಿ ಇರಲೇ ಇಲ್ಲ."

"ನೋಡಿ ಡಾರ್ಕಸ್. ಎರಡಕ್ಕೆ ಪೂರ್ವದ ಗಾಳಿ ಬೀಳತ್ತೆ. ಆಮೇಲೆ ಮೂರು ದಿನ ಯಾವ ದೋಣಿಯೂ ಹೊರಡಲ್ಲ. ನಿಜವಾಗಿ ಸಿಕ್ಕೊಂಡಿದ್ರೆ ಮೂರು ದಿನ ಅದು ಉಳಿಯಲ್ಲ. ಸುಳ್ಳಾದ್ರೆ ದಕ್ಷಿಣದ ಕೊಲ್ಲೀಲಿ ಇನ್ನೊಂದು ಕರೆ ಇದೆ, ಈಗ ಹೊರಟ್ರೆ ಅಲ್ಲಿಗೆ ಮುಟ್ತೀನಿ. ಇಲ್ಲಿನ ಜನ ನಿಮಗೆ ಗೊತ್ತು. ನೀವೇ ಹೇಳಿ."

ಡಾರ್ಕಸ್ ಪುಸ್ತಕ ತೆರೆದಳು. ಹಾಳೆಗಳಿಗೆಲ್ಲ ಅಂಕಿ ಹಾಕಿದ, ಶಾಯಿಯಲ್ಲೇ ಬರೆಯಬೇಕಾದ ಪುಸ್ತಕ. ದಿನಾಂಕ, ಹೊತ್ತು ಬರೆದು, ಷರಾದ ಅಂಕಣದಲ್ಲಿ ಒತ್ತಿ ಬರೆದಳು: 'ಸೆಲ್ಬಿ ಹೇಳಿದ್ದು ಸುಳ್ಳು.' ಬರೆದ ಮೇಲೆ ಮನಸ್ಸಿಗೆ ಹಾಯೆನಿಸಬೇಕಿತ್ತು. ಆಗಲಿಲ್ಲ. ಅವಳ ಅಪ್ಪ ಅಡುಗೆಮನೆಯ ಮೇಜಿನ ಬಳಿ ಬೈಬಲ್ಲಿನ ಕೀರ್ತನೆಗಳನ್ನು ಬಾಯಿಪಾಠ ಹೇಳಿಸುವಾಗ, ಮಾತು ತಪ್ಪಿದರೆ ಬೈಯದೆ ಸುಮ್ಮನೆ ಕಾಯುತ್ತಿದ್ದ. ಆ ಕಾಯುವ ಮೌನ ಈಗ ನೀರಿನ ಮೇಲೆಲ್ಲ ಹರಡಿಕೊಂಡಂತಿತ್ತು.

ಅಷ್ಟರಲ್ಲಿ ಗುಡ್ಡದಿಂದ ಹನ್ನೆರಡರ ಗಂಟೆ ತೇಲಿ ಬಂತು.

"ಅತ್ತಿಗೆ, ನಿಮ್ಮ ಹಾಡುಮನೆ ಗಂಟೆ ಹೊಡೀತು," ಎಂದ ಹೆಡ್ಲಿ, ಚಹಾದ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ. "ಬ್ರೆಡ್ಡಾದ್ರೂ ತಿನ್ನೋಣ ಬನ್ನಿ. ಕೋಪಕ್ಕೂ ಹೊಟ್ಟೇಲಿ ಏನಾದ್ರೂ ಬೇಕಲ್ಲ."

"ಏನಂದೆ?"

"ಬ್ರೆಡ್ಡು."

"ಅದಕ್ಕೆ ಮುಂಚೆ."

"ಹಾಡುಮನೆ. ನಾನೆಲ್ಲಿ ಕಟ್ಟಿದೆ ಆ ಹೆಸರು? ಸೆಲ್ಬಿ ಕಡೆಯವರು ಹೇಳೋದು ಕೇಳಿ ಕೇಳಿ ನನಗೂ ರೂಢಿಯಾಯ್ತು. ನಾನು ಬೇರೆ ಊರಿನವನು ತಾಯಿ, ನಿಮ್ಮ ಜಗಳ ನನಗೆ ಬೇಡ."

ಡಾರ್ಕಸ್ ಲೇಖನಿ ಹಿಡಿದೇ ನಿಂತಳು. ಊರಿನಲ್ಲಿ ದೇವರ ಮನೆಗಳು ಎರಡು. ಗುಡ್ಡದ ಮೇಲಿನ ಬಿಳಿಯದು ಇವಳ ಕಡೆಯವರದು. ಮೆಟ್ಟಿಲ ಮೇಲೆ ನಿಂತರೂ ಕೇಳುವಷ್ಟು ಗಟ್ಟಿಯಾಗಿ ಹಾಡುತ್ತಾರೆಂದು ಸೆಲ್ಬಿ ಕಡೆಯವರು ಅದಕ್ಕಿಟ್ಟ ಹೆಸರು ಹಾಡುಮನೆ. ಕೆಳಗೆ ಸಣ್ಣ ಕೊಲ್ಲಿಯ ಪಕ್ಕ ಇರುವ ಕಂದು ಹಲಗೆಯದು ಅವರದು. ಅದರ ಗೋಪುರ ಬಿರುಗಾಳಿಗೆ ಬಿದ್ದು ಇಪ್ಪತ್ತು ವರ್ಷ. ಡಾರ್ಕಸಳ ಅಮ್ಮ ಸಾಯುವವರೆಗೂ ಅದನ್ನು 'ಕಟ್ಟಡ' ಎಂದಳೇ ಹೊರತು ಚರ್ಚು ಎನ್ನಲಿಲ್ಲ. ಡಾರ್ಕಸಳೂ ಅಂದಿಲ್ಲ. ಎರಡೂ ಕಡೆಯವರಿಗೆ ಚರ್ಚು ಅಂದರೆ ಒಂದೇ, ತಮ್ಮದು.

ಸೆಲ್ಬಿ ಯಾವತ್ತಾದರೂ ಗುಡ್ಡದ ಮೇಲಿನದನ್ನು ಚರ್ಚು ಅಂದಿದ್ದಾನೆಯೇ?

"ಹೆಡ್ಲಿ, ಎಂಜಿನ್ ಹಾಕು. ಕಟ್ಟಡ ಕೋಳಿಬಂಡೆ ಮೇಲೆ ಬರೋವರೆಗೂ ಹೋಗು."

"ಗೋಪುರವೇ ಇಲ್ಲ ಅದಕ್ಕೆ."

"ಚಾವಣಿ ಇದೆಯಲ್ಲ ಮಾರಾಯ. ಅವನ ತಾತ ಹೇಳಿಕೊಟ್ಟ ಗುರುತು ಅದು. ಗೋಪುರ ಬಿತ್ತು ಅಂತ ಗುರುತು ಬೀಳತ್ತಾ?"

ಮೇವಿಸ್ ಗಡಿಯಾರ ನೋಡಿಕೊಂಡಳು. "ಇದು ಊಹೆಯಾ, ಗೊತ್ತಿರೋದಾ?"

ಡಾರ್ಕಸ್ ಲೇಖನಿಗೆ ಮುಚ್ಚಳ ಹಾಕಿದಳು. ಊಹೆ ತಪ್ಪಿದರೆ ದಕ್ಷಿಣದ ಕೊಲ್ಲಿಯ ಕೆಲಸವೂ ಕೆಡುತ್ತದೆ. "ಅವನ ವಿಷಯ ನಂಗೊತ್ತಿಲ್ಲ," ಎಂದಳು. "ಆ ಮಾತಿನ ವಿಷಯ ಗೊತ್ತು."

ದೀಪಸ್ತಂಭವನ್ನು ಮೂಗಿನ ತುದಿಯಿಂದ ತಪ್ಪಿಸದೆ ಹೆಡ್ಲಿ ದೋಣಿಯನ್ನು ಒಂದೂವರೆ ಮೈಲಿ ಕೊಲ್ಲಿಯ ಒಳಕ್ಕೆ ನಡೆಸಿದ. ಮೊಂಡು ಚಾವಣಿಯ ಕಂದು ಕಟ್ಟಡ ಬಂಡೆಯ ಬೆನ್ನೇರಿ ಕೂತಾಗ ಡಾರ್ಕಸ್ ಕೈ ಎತ್ತಿದಳು. ಎಂಜಿನ್ನು ನಿಂತಿತು. ಒಂದು ಅಲೆ, ಎರಡು ಅಲೆ.

ಉಸಿರು ಕೇಳಿತು. ಗಿಡ್ಡ, ಬಿಗಿದ ಉಸಿರು. ನೀರಿನ ಮೇಲೆ ಮೊಳದೆತ್ತರವೂ ಏಳದೆ ಕರಗಿತು. ಅದಕ್ಕೇ ದೂರದಿಂದ ಕಂಡಿರಲಿಲ್ಲ.

ಮುಂದಿನದೆಲ್ಲ ಮೇವಿಸಳ ಕೆಲಸ. ರಬ್ಬರು ದೋಣಿಯಿಂದ ಕೋಲು ಚಾಚಿ, ಅಲೆ ಏರಿದಾಗ ಕಾದು, ಇಳಿದಾಗ ಎಳೆದು, ಏಡಿ ಹಿಡಿಯುವ ಬುಟ್ಟಿಯ ಹಗ್ಗವನ್ನು ಒಂದೊಂದೇ ಸುತ್ತು ಕತ್ತರಿಸಿದಳು. ಮೂರನೆಯ ಸುತ್ತಿಗೆ ಒಂದೂ ಮುಕ್ಕಾಲಾಯಿತು. ಪೂರ್ವದ ಗಾಳಿ ಕುತ್ತಿಗೆಗೆ ತಗಲಿತು. ಕೊನೆಯ ಎಳೆ ಬಿಟ್ಟಾಗ ತಿಮಿಂಗಿಲ ಕದಲಲಿಲ್ಲ, ಅದಕ್ಕೂ ನಂಬಿಕೆ ಬಾರದ ಹಾಗೆ. ಆಮೇಲೆ ಬೆನ್ನು ಬಾಗಿಸಿತು, ಬಾಲ ಎತ್ತಿತು. ಗಾಯದ ಕೆಂಪಿನ ನಡುವೆ ಬಿಳಿ ಲಾಟೀನು. ನೂರು ಮಾರು ಆಚೆ ಇನ್ನೊಮ್ಮೆ ಎತ್ತಿ ಮುಳುಗಿತು. ಡಾರ್ಕಸಳ ತುಟಿ ಅಲುಗಿದ್ದನ್ನು ಹೆಡ್ಲಿ ನೋಡಿದ, ಏನು ಹೇಳಿಕೊಂಡಳೆಂದು ಕೇಳಲಿಲ್ಲ.

ಸಂಜೆ ಗಾಳಿಗೆ ಓಲಾಡುವ ದೋಣಿಯಲ್ಲಿ ಸೆಲ್ಬಿ ಕಟ್ಟೆಗೆ ಬಂದ. ಜನರನ್ನಿಳಿಸಿ ನೇರ ಇವಳ ಹತ್ತಿರ ನಡೆದ.

"ಸಿಕ್ತಂತೆ. ಮೊದಲು ಬೇರೆ ಕಡೆ ಹೋಗಿ ಕೂತಿದ್ರಂತೆ. ಪುಸ್ತಕದಲ್ಲಿ ನನ್ನ ಬಗ್ಗೆ ಏನು ಬರೆದ್ರಿ ಅಕ್ಕಾ? ತೋರಿಸಿ."

ಆ ಪುಸ್ತಕದಲ್ಲಿ ಹಾಳೆ ಹರಿಯುವಂತಿಲ್ಲ, ಅಳಿಸುವಂತಿಲ್ಲ. ತಪ್ಪಿದರೆ ಒಂದೇ ಗೆರೆ ಹೊಡೆದು ಸಹಿ ಹಾಕಬೇಕು. ಅವಳು ಪುಸ್ತಕ ತೆರೆದು ಅವನ ಕೈಗೇ ಕೊಟ್ಟಳು. 'ಸುಳ್ಳು' ಎಂಬುದು ಗೆರೆಯ ಕೆಳಗೆ ಚೆನ್ನಾಗಿಯೇ ಓದಿಸುತ್ತಿತ್ತು. ಅದರ ಪಕ್ಕ ಅವಳ ಸಹಿ. ಕೆಳಗಿನ ಸಾಲಿನಲ್ಲಿ, ಸ್ಥಳದ ಅಂಕಣದಲ್ಲಿ: 'ಕೋಳಿಬಂಡೆಯ ಮೇಲೆ ಚರ್ಚು, ಸೆಲ್ಬಿಯವರದು.'

ಅವನು ಎರಡು ಸಲ ಓದಿದ. "ಗೆರೆ ಸ್ವಲ್ಪ ತೆಳ್ಳಗಾಯ್ತು."

"ಒಂದೇ ಹೊಡೆಯೋದು ನಿಯಮ."

"ನಮ್ಮದನ್ನ ಚರ್ಚು ಅಂತ ಬರೆದಿದೀರಿ. ನಿಮ್ಮಮ್ಮ ನೋಡಿದ್ರೆ?"

"ಅವಳಿಗೆ ನಾನು ಹೇಳ್ಕೋತೀನಿ. ನೀನು ಮುಂದಿನ ಸಲ ಯಾವ ಚರ್ಚು ಅಂತ ಬಿಡಿಸಿ ಹೇಳು."

"ಇರೋದೇ ಒಂದು ತಾನೇ," ಎಂದ ಸೆಲ್ಬಿ, ನಗದೆ.

ಅವನು ಹಲಗೆಯ ಬಳಿ ಹೋಗಿ ಸೀಮೆಸುಣ್ಣ ತೆಗೆದುಕೊಂಡು 'ಲಾಟೀನು' ಎಂದು ಬರೆದ, ಮುಂದೆ 2 ಎಂದು ಹಾಕಿದ. ಡಾರ್ಕಸ್ ಹೋಗದೆ ಅಲ್ಲೇ ನಿಂತಿದ್ದಳು. ಅವನು ತಿರುಗಿ ನೋಡಿದ. ಹೆಬ್ಬೆರಳಿನಿಂದ ಒರೆಸಿ 1 ಎಂದು ಬರೆದ.

ಅವನು ಸೀಮೆಸುಣ್ಣ ಜೇಬಿಗೆ ಹಾಕುವವರೆಗೆ ಕಾದು, ಆಮೇಲೆ ಅವಳು ಮನೆಗೆ ಹೊರಟಳು.