ಕೆಳಗೆ ಜನ ಇದಾರೆ

ಹೆಲಿಕಾಪ್ಟರಿಗೆ ಹೊರೆ ಸಿಕ್ಕಿಸುವ ಕೊಕ್ಕೆಯವನು ಕಟ್ಟಿ ಮುಗಿಸಿದ ಸರಕಿನ ನಾಲ್ಕು ಮೂಲೆಗಳನ್ನೂ ಪೈಲಟ್ ಮತ್ತೊಮ್ಮೆ ಎಳೆದು ನೋಡಿದ. ಗುಡ್ಡದ ನೆತ್ತಿಯಲ್ಲಿ ಏಳುತ್ತಿದ್ದ ಟವರಿನ ಕಾವಲು ಕೋಣೆಗೆ ಹೋಗಬೇಕಾದ ಗೋಡೆ ಹಲಗೆಗಳು ಅವು. ಅಗಲ ಹೆಚ್ಚು, ತೂಕ ಕಮ್ಮಿ. ಸಿಮೆಂಟಿನ ಮೂಟೆಯಾದರೆ ಹೆಲಿಕಾಪ್ಟರಿನ ಕೆಳಗೆ ಗುಂಡುಕಲ್ಲಿನಂತೆ ನೇತುಕೊಂಡಿರುತ್ತದೆ. ಇಂಥ ಹಗುರ ಸರಕಿಗೆ ಗಾಳಿ ಸಿಕ್ಕರೆ ರೆಕ್ಕೆ ಬಂದ ಹಾಗೆ.

"ಬೆಳಗಿಂದ ಇದು ಮೂರನೇ ಸಲ," ಎಂದ ಮೆಕ್ಯಾನಿಕ್. "ಹಗ್ಗ ಕಂಡ್ರೆ ಹಾವು ಅಂತೀರಲ್ಲ ಸಾರ್. ಇವನಷ್ಟು ಚೊಕ್ಕವಾಗಿ ಕಟ್ಟೋರು ಯಾರಿದಾರೆ?"

"ಅದೇ ನನಗೆ ಅನುಮಾನ," ಎಂದ ಪೈಲಟ್.

ಕೊಕ್ಕೆಯವನು ಕೆಲಸಕ್ಕೆ ಸೇರಿ ಮೂರು ವಾರ. ಮಾತು ಕಮ್ಮಿ. ಅವನು ಯಾರ ತಮ್ಮನೆಂದು ಪೈಲಟ್‌ಗೆ ಗೊತ್ತಾಗಿ ನಾಲ್ಕು ದಿನವಾಗಿತ್ತು. ಹೋದ ವರ್ಷ ಇದೇ ಗುಡ್ಡದಲ್ಲಿ ಹೊರೆಯೊಂದು ಅಳತೆ ಮೀರಿ ತೂಗಾಡಿದಾಗ ಪೈಲಟ್ ಕೆಂಪು ಗುಂಡಿ ಒತ್ತಿ ಅದನ್ನು ಕಳಚಿಬಿಟ್ಟಿದ್ದ. ಹೆಲಿಕಾಪ್ಟರ್ ಉಳಿಯಿತು. ಕಾಲುದಾರಿಯಲ್ಲಿ ಬರುತ್ತಿದ್ದ ಕೂಲಿಯವನೊಬ್ಬನ ಸೊಂಟ ಮುರಿಯಿತು. ಮಾಡಿದ್ದು ನಿಯಮದಂತೆಯೇ ಇದೆ ಎಂದು ವಿಚಾರಣೆಯವರು ಬರೆದರು. ಆ ಕೂಲಿಯವನ ಒಡಹುಟ್ಟಿದವನು ಈಗ ದಿನಕ್ಕೆ ಇಪ್ಪತ್ತು ಸಲ ಪೈಲಟ್‌ನ ಹೆಲಿಕಾಪ್ಟರಿನ ಹೊಟ್ಟೆಯಡಿ ನಿಂತು ಕೊಕ್ಕೆ ಸಿಕ್ಕಿಸುತ್ತಾನೆ. ಬೇರೆಲ್ಲೂ ಕೆಲಸ ಸಿಗಲಿಲ್ಲವೇ ಇವನಿಗೆ?

ಹೆಲಿಕಾಪ್ಟರ್ ಏರುತ್ತಿದ್ದಂತೆ ಹಗ್ಗ ಬಿಗಿಯಾಗಿ ಹೊರೆ ಮೇಲೆದ್ದಿತು. ಪೈಲಟ್ ಪಕ್ಕದ ಉಬ್ಬುಗಾಜಿನೊಳಗೆ ತಲೆಯಿಟ್ಟು ಕಣ್ಣನ್ನು ಹೊರೆಯ ಮೇಲೆ ನೆಟ್ಟ. ಈ ಕೆಲಸದಲ್ಲಿ ಮುಂದೆ ನೋಡುವುದಕ್ಕಿಂತ ಕೆಳಗೆ ನೋಡುವುದೇ ಹೆಚ್ಚು. ಗುಡ್ಡದ ಅರ್ಧಕ್ಕೆ ಬರುವಷ್ಟರಲ್ಲಿ ಹಲಗೆಗಳು ಗಾಳಿ ಹಿಡಿದವು. ಮೊದಲು ಗಿರಗಿರ ತಿರುಗಿದವು, ಆಮೇಲೆ ಎಡಕ್ಕೂ ಬಲಕ್ಕೂ ತೂಗತೊಡಗಿದವು. ಪ್ರತಿ ತೂಗಾಟಕ್ಕೂ ಯಾರೋ ಕಾಲು ಹಿಡಿದು ಎಳೆದಂತೆ ಹೆಲಿಕಾಪ್ಟರ್ ವಾಲಿತು. ಕಟ್ಟಿನಲ್ಲಿ ಏನೋ ಮಾಡಿದ್ದಾನೆ ಎಂದುಕೊಂಡ. ಹೆಬ್ಬೆರಳು ಗುಂಡಿಯ ಮೇಲೆ ಬಂತು.

ರೇಡಿಯೋದಲ್ಲಿ ಕೊಕ್ಕೆಯವನ ದನಿ ಬಂತು. "ಬಿಡಬೇಡಿ ಸಾರ್. ಕೆಳಗೆ ಜನ ಇದಾರೆ."

ಹಲಗೆಗಳ ಅಗಲಕ್ಕೆ ಕಾಲುದಾರಿಯೇ ಮರೆಯಾಗಿತ್ತು. "ಎಷ್ಟು ಜನ?"

"ಜನ ಇದಾರೆ ಸಾರ್."

ಸುಳ್ಳಿರಬಹುದು. ಬಿಡದಿದ್ದರೆ ಬೀಳುವವನು ತಾನು. ಇವನು ಅದಕ್ಕೇ ಕಾದು ನಿಂತಿರಬಹುದು. ನಿಜವಾಗಿದ್ದರೆ? ಬೆರಳು ಅಲ್ಲೇ ಇತ್ತು, ಒತ್ತಲಾಗಲಿಲ್ಲ. ವೇಗ ಇಳಿಸಿದ. ತೂಗುವ ಹೊರೆಯ ಹಿಂದೆ ಓಡಿದರೆ ಅದು ಇನ್ನಷ್ಟು ಕುಣಿಯುತ್ತದೆ. ಅದು ಒಂದು ತುದಿಗೆ ಹೋಗಿ ಗಳಿಗೆ ನಿಲ್ಲುವಾಗ ಸರಿಯಾಗಿ ಅದರ ನೆತ್ತಿಗೆ ಸರಿದುಕೊಳ್ಳಬೇಕು. ಮೊದಲ ಸಲ ತಡವಾಯಿತು. ಎರಡನೇ ಸಲ ಹಲಗೆಯ ಮೂಲೆ ಬಂಡೆಗೆ ಉಜ್ಜಿತು. ಮೂರನೆಯದಕ್ಕೆ ಹಗ್ಗ ನೆಟ್ಟಗಾಯಿತು.

ಹೊರೆಯನ್ನು ಗುಡ್ಡದ ಮೇಲೆ ಇಳಿಸಿ ಬರಿದಾಗಿ ಹಿಂತಿರುಗುವಾಗ ಕಾಲುದಾರಿ ಉದ್ದಕ್ಕೂ ಕಂಡಿತು. ಒಂದು ನರಪಿಳ್ಳೆಯೂ ಇರಲಿಲ್ಲ.

ಕೆಳಗಿಳಿದು ಎಂಜಿನ್ ಆರಿಸಿ ನೇರ ಕೊಕ್ಕೆಯವನ ಹತ್ತಿರ ಹೋದ. "ಯಾರಿದ್ರೋ ಕೆಳಗೆ?"

"ಯಾರೂ ಇರ್ಲಿಲ್ಲ."

ಮೆಕ್ಯಾನಿಕ್ ಕೈಲಿದ್ದ ಸ್ಪ್ಯಾನರನ್ನು ನೆಲಕ್ಕಿಟ್ಟ.

"ನಾನು ಸಾಯ್ತಿದ್ದೆ ಕಣೋ. ಕಟ್ಟಲ್ಲಿ ಏನು ಮಾಡಿದ್ದೆ?"

"ಏನೂ ಮಾಡಿಲ್ಲ. ಗಾಳಿ ಅದು." ಕೊಕ್ಕೆಯವನ ತುಟಿ ಬಿಳಿಚಿಕೊಂಡಿತ್ತು. "ಕೆಳಗೆ ಜನ ಇರೋದು ಗೊತ್ತಿದ್ರೆ ಬಿಡ್ತಾನೇ ಇರ್ಲಿಲ್ಲ ಅಂತ ನೀವು ವಿಚಾರಣೇಲಿ ಹೇಳಿದ್ರಂತೆ. ನಮ್ಮಣ್ಣ ಅದನ್ನ ನಂಬಿದಾನೆ. ನನಗೆ ನಂಬಿಕೆ ಇರ್ಲಿಲ್ಲ. ತೂಗೋದು ನೋಡಿದ್ದೇ ತಡ, ಬಾಯಿಗೆ ಬಂದುಬಿಡ್ತು ಸಾರ್."

ಆಫೀಸಿಗೆ ಒಂದು ಮಾತು ಹೇಳಿದರೆ ಇವತ್ತೇ ಇವನನ್ನು ಮನೆಗೆ ಕಳಿಸುತ್ತಾರೆ. ಒಂದು ವರ್ಷದಿಂದ ಯಾರನ್ನೂ ಕೇಳದ ಮಾತು ಪೈಲಟ್‌ನ ಬಾಯಿಂದ ಹೊರಬಂತು.

"ಅಣ್ಣ ಹೇಗಿದಾನೆ?"

"ಈಗೀಗ ಎದ್ದು ಕೂತ್ಕೊಳ್ತಾನೆ."

ಆಫೀಸಿನವರು ರೇಡಿಯೋದಲ್ಲಿ ಯಾಕೆ ನಿಲ್ಲಿಸಿದಿರಿ ಎಂದು ಕೇಳಿದರು. "ಗಾಳಿ ಜಾಸ್ತಿ ಇತ್ತು," ಎಂದ ಪೈಲಟ್.

ಗಾಳಿ ತಗ್ಗಿದ ಮೇಲೆ ಮುಂದಿನ ಹೊರೆಯ ಮೇಲೆ ಹೆಲಿಕಾಪ್ಟರನ್ನು ತಂದು ನಿಲ್ಲಿಸಿದ. ಸುತ್ತಲ ಹುಲ್ಲು ನೆಲಕ್ಕೊರಗಿತು. ಕೊಕ್ಕೆಯವನು ಬಾಗಿ ನಡೆದು ಬಂದು ಕೊಕ್ಕೆ ಸಿಕ್ಕಿಸಿದ. ಆಮೇಲೂ ಒಂದು ಗಳಿಗೆ ಅಲ್ಲೇ ನಿಂತು, ಧೂಳಿಗೆ ಕಣ್ಣು ಮುಚ್ಚದೆ ಮುಖವೆತ್ತಿ ಮೇಲೆ ನೋಡಿದ.