ಪೋಸ್ಟ್ ಉಂಟಾ?

ಉಜ್ವಲಾ ತುಳಸಿ ಎಲೆಯಿಂದ ಸೋದರಮಾವನ ಬಾಯಿಗೆ ನೀರು ಬಿಡುತ್ತಿದ್ದಾಗ ಗೇಟಿನೆದುರು ಬಸ್ಸು ಬಂದು ನಿಂತಿತು. ನಿನ್ನೆ ಸಂಜೆಯವರೆಗೂ ಭುಜಂಗ ಮಾವ ಕಂಡಕ್ಟರ್ ಆಗಿದ್ದ ಸೀತಾಂಗೋಳಿ–ಕಾಸರಗೋಡು ಬಸ್ಸು. ರಾತ್ರಿ ಎದೆನೋವು ಬಂದದ್ದೊಂದು ನೆಪ, ಬೆಳಗಾಗುವಾಗ ಮನುಷ್ಯ ಇಲ್ಲ.

ಕ್ಲೀನರ್ ಹರಿನಾಥ ಇಳಿದು ಬಂದು ಮಾವನ ಕಾಲು ಮುಟ್ಟಿದ. “ಇವತ್ತು ಮಧ್ಯಾಹ್ನದ ಮೇಲೆ ನಿಮ್ಮ ಇಂಟರ್‌ವ್ಯೂ ಅಲ್ವಾ ಅಕ್ಕ? ಭುಜಂಗಣ್ಣ ನಿನ್ನೆ ಬಸ್ಸಿಡೀ ಹೇಳಿದ್ದಾರೆ.”

ಹೌದು. ಕಾಸರಗೋಡಿನ ಕಾಲೇಜೊಂದರಲ್ಲಿ ತತ್ವಶಾಸ್ತ್ರಕ್ಕೆ ಗೆಸ್ಟ್ ಲೆಕ್ಚರರ್ ಬೇಕಿತ್ತು. ಪಿಎಚ್‌ಡಿ ಮುಗಿಸಿ ಕಾದು ಕಾದು ಸಾಕಾದವಳಿಗೆ ತೆರೆದ ಒಂದೇ ಬಾಗಿಲು. ಆದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆಯಲ್ಲಿ ಮಾವನ ಸೂತಕ ಮೊದಲು ಅಂಟುವುದೇ ತಂಗಿಯ ಮಕ್ಕಳಿಗೆ.

*

ಆ ಕೆಲಸ ಹುಡುಕಿದ್ದೂ ಮಾವನೇ. ವೆಬ್‌ಸೈಟು ಗಿಬ್‌ಸೈಟು ಅವರಿಗೆ ಆಗದ ಮಾತು. ಟೀಚರ್ ಥರ ಕಂಡವರು ಯಾರು ಹತ್ತಿದರೂ ಬಿಡುತ್ತಿರಲಿಲ್ಲ. “ನಿಮ್ಮ ಕಾಲೇಜಿನಲ್ಲಿ ಫಿಲಾಸಫಿ ಪೋಸ್ಟ್ ಉಂಟಾ? ನಮ್ಮ ಹುಡುಗಿ ಡಾಕ್ಟರೇಟ್.” ಒಮ್ಮೆ ಫೈಲು ಹಿಡಿದವರೊಬ್ಬರನ್ನು ಲೆಕ್ಚರರ್ ಎಂದುಕೊಂಡು ಕೇಳಿ, ಕೊನೆಗೆ ತಾನೇ ಇನ್ಶೂರೆನ್ಸ್ ಮಾಡಿಸಿಕೊಂಡು ಬಂದಿದ್ದರು, ಪುಣ್ಯಾತ್ಮ.

ಉಜ್ವಲಾ ಕಿಟಕಿಯ ಕಡೆ ಮುಖ ತಿರುಗಿಸಿ ಕೂರುತ್ತಿದ್ದಳು. “ಮಾವ, ನನ್ನ ಮಾನ ಹೋಗ್ತದೆ.”

“ಎಂತ ಮಾರಾಯ್ತಿ, ಫಿಲಾಸಫಿಯವರು ಪ್ರಶ್ನೆ ಕೇಳ್ಲಿಕ್ಕಿಲ್ವಾ? ಕೆಲಸ ಕೈಗೆ ಸಿಗುವವರೆಗೆ ಕೇಳುವುದೇ.”

*

ಗುಡ್ಡೆಯ ಬದಿಯಲ್ಲಿ ಚಿತೆ ಉರಿಯಿತು. ಎಲ್ಲರ ಸ್ನಾನವಾಯಿತು. ಬೆಳಗಿನ ಟ್ರಿಪ್ಪು ಬಿಟ್ಟು ನಿಂತಿದ್ದ ಬಸ್ಸು ಮಧ್ಯಾಹ್ನದ ಟ್ರಿಪ್ಪಿಗೆ ಹೊರಡಲು ಅಣಿಯಾದರೂ ಉಜ್ವಲಾ ಜಗಲಿ ಬಿಟ್ಟು ಏಳಲಿಲ್ಲ.

“ಸೂತಕದಲ್ಲಿ ಹೊಸ ಕೆಲಸಕ್ಕೆ ಹೊರಡ್ಲಿಕ್ಕುಂಟಾ?” ಎಂದರು ನೆರೆಮನೆಯ ಶಂಕರಿಯಕ್ಕ.

ಉಜ್ವಲಾಳ ಅಮ್ಮ ದಮಯಂತಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ನನ್ನ ಅಣ್ಣ ಕಂಡಕಂಡವರ ಹತ್ರ ಕೇಳಿ ತಂದ ಕೆಲಸ ಅದು. ಅವಳ ಪಾಲಿನ ಸೂತಕವೂ ನನಗಿರಲಿ. ಏಳು ಮಗಾ, ಬಸ್ಸು ತಪ್ತದೆ.”

ಒದ್ದೆ ಕೂದಲಲ್ಲೇ ಅವಳು ಬಸ್ಸು ಹತ್ತಿದಳು. ಮಾವನ ಚರ್ಮದ ಚೀಲ ಹರಿನಾಥನ ಹೆಗಲಲ್ಲಿತ್ತು. ಅದನ್ನು ನೋಡಲಾಗದೆ ಕಿಟಕಿಯ ಕಡೆ ತಿರುಗಿದಳು. ಈಗ ಅಳು ತಡೆಯಲಾಗಲಿಲ್ಲ.

ಮಧೂರಿನಲ್ಲಿ ಪುಸ್ತಕ ಹಿಡಿದ ಹೆಂಗಸೊಬ್ಬರು ಹತ್ತಿದರು. ಟಿಕೇಟು ಕೊಡಲು ಹೋದ ಹರಿನಾಥ ಗಂಟಲು ಸರಿಮಾಡಿಕೊಂಡ.

“ಟೀಚರ್, ನಿಮ್ಮ ಕಾಲೇಜಿನಲ್ಲಿ ಫಿಲಾಸಫಿ ಪೋಸ್ಟ್ ಉಂಟಾ?”

ಅವರು ತಬ್ಬಿಬ್ಬಾದರು. “ಯಾರಿಗೆ?”

ಉಜ್ವಲಾ ಮುಖ ಒರೆಸಿಕೊಂಡು ಕಿಟಕಿಯಿಂದ ಈಚೆ ತಿರುಗಿದಳು. “ನನಗೆ ಟೀಚರ್,” ಎಂದು ಸರಿದು, ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.