ಉಕ್ಕಿನ ಹಣಿಗೆ

ಕೊನೆಯ ಹಿಡಿ ಎಳೆಗಳಿಗೂ ಕತ್ತರಿ ಬಿತ್ತು. ಅಂಜಯ್ಯ, ಎಳೆಗಳು ಒಂದೊಂದಾಗಿ ಹಾದುಹೋಗುವ ಬಿದಿರಿನ ಹಳೆಯ ಹಣಿಗೆಯನ್ನು ಮಗ್ಗದಿಂದ ಬಿಡಿಸಿ ಗೋಡೆಗೆ ಒರಗಿಸಿದ. ಮ್ಯಾಂಚೆಸ್ಟರಿನಿಂದ ತಂದ ಉಕ್ಕಿನ ಹಣಿಗೆಯನ್ನು ಅದರ ಜಾಗದಲ್ಲಿ ಕೂರಿಸಿದ. ಹಲ್ಲುಗಳೆಲ್ಲ ಒಂದೇ ಸಮ, ಎಲ್ಲಿಯೂ ಸೊಟ್ಟಿಲ್ಲ. ಅಪ್ಪನಿಗೆ ಕೊಡಲು ಇದಕ್ಕಿಂತ ಒಳ್ಳೆಯದು ಅವನಿಗೆ ತೋಚಿರಲಿಲ್ಲ.

ನಾರಾಯಣಪೇಟೆಯ ಆ ಓಣಿಯಿಂದ ನಿಜಾಂ ಸರ್ಕಾರದಿಂದ ಓದಿನ ಖರ್ಚಿಗೆ ವಜೀಫಾ ಪಡೆದು, ವಿಲಾಯತಿಯಲ್ಲಿ ನಾಲ್ಕು ವರ್ಷ ನೇಯ್ಗೆ ಓದಿ ಬಂದವನು ಅವನೊಬ್ಬನೇ. ಬಂದ ಮೂರು ದಿನದಿಂದ ಭೂತಗನ್ನಡಿ ಹಿಡಿದು ಮನೆಯ ಸೀರೆಗಳ ಎಳೆ ಎಣಿಸಿದ್ದೇ ಎಣಿಸಿದ್ದು. ಎಣಿಸುವುದರಲ್ಲಿ ಮಹಾ ಜಾಣ. ಎದುರಿಗೆ ಕೂತ ಅಪ್ಪ ಮೊಗುಲಪ್ಪ ತಟ್ಟೆಯಲ್ಲಿ ರೊಟ್ಟಿಗಾಗಿ ತಡಕಾಡುತ್ತಿದ್ದುದು ಮಾತ್ರ ಈ ಜಾಣನ ಕಣ್ಣಿಗೆ ಬಿದ್ದಿರಲಿಲ್ಲ.

ನೀರು ತಂದ ತಾಯಿ ಬುಚ್ಚಮ್ಮ ಮಗ್ಗ ನೋಡಿ ಕೊಡವನ್ನು ಹೊಸ್ತಿಲಲ್ಲೇ ಇಳಿಸಿದಳು.

"ಹಳೇ ಎಳಿ ಎಲ್ಲ್ಯಾವೊ?"

"ಕತ್ತರಿಸಿದೆ ಅವ್ವಾ. ಹೊಸ ಹಣಗಿಗೆ ಹೊಸದಾಗೇ ಪೋಣಿಸಬೇಕು. ಅಲ್ಲಿ ಹಂಗ ಮಾಡ್ತಾರ."

"ನಿಮ್ಮಪ್ಪಗ ಕೇಳಿದೇನು?"

"ಮಕ್ತಲ್ ಊರಿಂದ ಬಂದು ನೋಡಿ ಖುಷಿ ಆಗಲಿ ಅಂತ..."

"ಯಾ ಕಣ್ಣಿಲೆ ನೋಡ್ತಾನೋ ಯಪ್ಪಾ?" ಬುಚ್ಚಮ್ಮ ಕತ್ತರಿಸಿದ ಎಳೆಗಳನ್ನು ಆಯ್ದು ಕಂತೆ ಕಟ್ಟತೊಡಗಿದಳು.

ಒಂದು ಹಾಸು, ಅಂದರೆ ಮಗ್ಗಕ್ಕೆ ಹೂಡಿದ ಉದ್ದೆಳೆಗಳೆಲ್ಲ, ನೇಯ್ದು ಮುಗಿದರೂ ನೇಕಾರರು ಮಗ್ಗವನ್ನು ಬರಿದು ಮಾಡುವುದಿಲ್ಲ. ಗೇಣುದ್ದದ ಹಳೆಯ ಎಳೆಗಳನ್ನು ಹಣಿಗೆಯಲ್ಲೇ ಬಿಟ್ಟು, ಒಂದೊಂದರ ತುದಿಗೂ ಹೊಸ ಹಾಸಿನ ಎಳೆಯನ್ನು ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸುತ್ತಾರೆ. ಕೆಚ್ಚುವುದು ಎಂದರೆ ಅದೇ. ಹಳೆಯ ಎಳೆ ಹೋದ ದಾರಿಯಲ್ಲೇ ಹೊಸದೂ ಹೋಗುತ್ತದೆ. ಈ ಮಗ್ಗದಲ್ಲಿ ಅಂಜಯ್ಯನ ಅಜ್ಜನ ಕಾಲದಿಂದ ಆ ದಾರಿ ಕಡಿದಿರಲಿಲ್ಲ. ಅಂಜಯ್ಯನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ನಮ್ಮವರು ಯಾವುದನ್ನೂ ಹೊಸದಾಗಿ ಶುರುಮಾಡುವವರಲ್ಲ ಎಂದು ಕಾಲೇಜಿನಲ್ಲಿ ಇದನ್ನೇ ಹೇಳಿ ಅವನು ಜೊತೆಯವರನ್ನು ನಗಿಸಿದ್ದ.

"ಕಣ್ಣು ಹೋಗಿ ಎರಡು ವರ್ಷಾತು," ಎಂದಳು ಬುಚ್ಚಮ್ಮ. "ಬೆರಳಿಲೇ ಕೆಚ್ಚತಾನ, ಬೆರಳಿಲೇ ನೇಯ್ತಾನ. ಓಣ್ಯಾಗ ಯಾರಿಗೂ ಹೇಳಿಲ್ಲ. ಗೊತ್ತಾತಂದ್ರ ಸಾವಕಾರ ಕುರುಡಗ ರೇಷ್ಮಿ ಕೊಡ್ತಾನೇನು?"

"ನನಗ್ಯಾಕ ಕಾಗದ ಬರಸಲಿಲ್ಲ?"

"ಓದೋ ಮಗನ ಮನಸು ಕೆಡಸಬ್ಯಾಡ ಅಂದ."

ಅಂಜಯ್ಯನಿಗೆ ತನ್ನ ಮೇಲೆ ಹೇಸಿಗೆಯಾಯಿತು. ತಾನೇ ಪೋಣಿಸುತ್ತೇನೆಂದು ಕೂತ. ಆದರೆ ಹಳೆಯ ಎಳೆಗಳನ್ನು ಕಿತ್ತ ರಭಸಕ್ಕೆ ಸೀರೆಯ ಅಂಚಿನ ಎಳೆಗಳನ್ನು ಎತ್ತುವ ನೂಲಿನ ಕುಣಿಕೆಗಳೂ ಹರಿದಿದ್ದವು. ಅವು ಅಜ್ಜ ಕಟ್ಟಿದ್ದ ಕುಣಿಕೆಗಳು. ಯಾವ ಎಳೆ ಯಾವುದರಲ್ಲಿ ಹೋಗಬೇಕೆಂಬುದು ಅವನ ದಪ್ಪ ನೋಟುಬುಕ್ಕಿನಲ್ಲಿ ಇರಲಿಲ್ಲ. ಅದನ್ನು ಕಟ್ಟಬಲ್ಲ ಕೈ ಒಂದೇ ಉಳಿದಿತ್ತು, ಅದಕ್ಕೆ ಕಣ್ಣಿರಲಿಲ್ಲ. ಮಧ್ಯಾಹ್ನದೊಳಗೆ ಮೂರು ಸಲ ಕಟ್ಟಿ ಮೂರು ಸಲ ಬಿಚ್ಚಿದ. ಓಣಿಯವರನ್ನು ಕರೆಯೋಣವೆಂದರೆ ಗುಟ್ಟು ರಟ್ಟಾಗುತ್ತದೆ.

ಹೊತ್ತು ಇಳಿಯುವಾಗ ಮೊಗುಲಪ್ಪ ಗಾಡಿಯಿಂದಿಳಿದು, ಗೋಡೆ ಸವರುತ್ತ ಒಳಗೆ ಬಂದು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ. ಕೈಚಾಚಿದ. ತಣ್ಣನೆಯ ಉಕ್ಕು ತಾಗಿತು.

"ಇದೇನಪಾ?"

"ಹಣಗಿ, ಅಪ್ಪಾ. ನಿನಗಂತ ತಂದಿದ್ದೆ."

ಮೊಗುಲಪ್ಪ ಅದರ ಮೇಲೆ ಉಗುರಾಡಿಸಿದ. "ಚೊಲೋ ಐತಿ. ಹಳೇ ಎಳಿ?"

ಅಂಜಯ್ಯ ಕತ್ತರಿಸಿದ ಎಳೆಗಳ ಕಂತೆಯನ್ನು ಅಪ್ಪನ ಕೈಯಲ್ಲಿಟ್ಟ. ಮುದುಕ ಒಂದು ತುದಿ ಮುಟ್ಟಿದ, ಬೆರಳು ಸರಿಸುತ್ತ ಹೋಗಿ ಇನ್ನೊಂದು ತುದಿ ಮುಟ್ಟಿದ. ಎರಡೂ ಬಿಡಿ. ಬೈದಿದ್ದರೆ ಮಗನಿಗೆ ಉಸಿರು ಬರುತ್ತಿತ್ತು. ಅವನು ಬೈಯಲಿಲ್ಲ.

ಬೂದಿಯ ಚಿಪ್ಪು ಎಳೆದುಕೊಂಡು, "ಹೊಸಾ ಹಾಸಿನ ತುದಿ ಕೊಡು," ಎಂದ. ಮಗ ಕೊಟ್ಟ. ಮೊಗುಲಪ್ಪ ಅದರಿಂದ ಒಂದೆಳೆ ಆರಿಸಿ, ಕಂತೆಯ ಒಂದೆಳೆಗೆ ಜೋಡಿಸಿ, ಹೊಸೆದು ಬಿಟ್ಟ. ಆಮೇಲೆ ಇನ್ನೊಂದು.

"ಸಡಿಲಾಗಾಕತ್ತೈತಿ. ಆ ಕಡೀಗೆ ಹಿಡಿ."

ಮಗ ಮಂಡಿಯೂರಿ ಕೂತು, ಮಗ್ಗ ಬಿಟ್ಟು ಈಗ ಯಾವುದಕ್ಕೂ ಕಟ್ಟಿರದ ಆ ಹಳೆಯ ತುದಿಗಳನ್ನು ಮುಷ್ಟಿಯಲ್ಲಿ ಕೂಡಿಸಿ ಬಿಗಿಯಾಗಿ ಎಳೆದು ಹಿಡಿದ.